ಕಂದಕದ ನೀರಲ್ಲಿ ನಿಂತ ಕಾಲು

ಕಾಲಿನ ಗಾಯಗಳಿಗೆ ಚಿಕಿತ್ಸೆ ಕೊಡುವುದೇ ನನ್ನ ಕೆಲಸ. 'ಭಾರೀ ನೋವು ಡಾಕ್ಟ್ರೇ' ಅಂದವರಿಗಿಂತ 'ಏನೂ ಗೊತ್ತಾಗ್ತಿಲ್ಲ' ಅಂದವರ ಬಗ್ಗೆ ನನಗೆ ಜಾಸ್ತಿ ಭಯ. ಮೊದಲ ಮಹಾಯುದ್ಧದ ಕಂದಕಗಳಲ್ಲಿ ಸಾವಿರಾರು ಸೈನಿಕರ ಕಾಲು ಹಾಳಾಗಿದ್ದು ಹೀಗೆ ಏನೂ ಗೊತ್ತಾಗದೆಯೇ. ಆ ಕಾಯಿಲೆಗೆ 'ಟ್ರೆಂಚ್ ಫುಟ್', ಅಂದರೆ ಕಂದಕದ ಕಾಲು, ಎಂದೇ ಹೆಸರು.

ಬೆಲ್ಜಿಯಂ ಮತ್ತು ಉತ್ತರ ಫ್ರಾನ್ಸ್‌ನಲ್ಲಿ ಹರಡಿರುವ ಫ್ಲಾಂಡರ್ಸ್ ತಗ್ಗಿನ ಜೇಡಿ ನೆಲ. ಎರಡು ಮೂರು ಅಡಿ ತೋಡಿದರೆ ನೀರು ಬರುತ್ತಿತ್ತು. ನೀರು ಹರಿದುಹೋಗುವ ಕಾಲುವೆಗಳನ್ನು ಫಿರಂಗಿಯ ಶೆಲ್‌ಗಳು ಒಡೆದುಹಾಕಿದ್ದವು. 1914ರ ಶರತ್ಕಾಲದಲ್ಲಿ ಬ್ರಿಟಿಷರ ಭಾರತೀಯ ಸೇನೆಯ ಲಾಹೋರ್ ಮತ್ತು ಮೀರತ್ ಡಿವಿಷನ್‌ಗಳ ನಮ್ಮ ಸಿಪಾಯಿಗಳು ಅಲ್ಲಿಗೆ ಹೋದರು. ಅನೇಕರ ಮೈಮೇಲೆ ಇದ್ದದ್ದು ತೆಳು ಖಾಕಿ. ಆ ಚಳಿಗಾಲ ಮೊಣಕಾಲುದ್ದ ನೀರಲ್ಲೇ ಕಳೆಯಿತು.

ನಡೆದಾಡಿದರೆ ಕಾಲಿಗೆ ರಕ್ತ ಓಡುತ್ತದೆ, ಅಲ್ವಾ? ಆದರೆ ತಲೆ ಎತ್ತಿದರೆ ಎದುರಿನ ಸ್ನೈಪರ್ ಗುಂಡು. ಬಗ್ಗಿ, ಸುಮ್ನೆ ನಿಂತಿರಬೇಕು. ಬೆಳಗಿನ ಜಾವ, ಮುಸ್ಸಂಜೆ ದಾಳಿಯ ಹೊತ್ತು. ಆಗ ಎಲ್ಲರೂ ಬಂದೂಕು ಹಿಡಿದು ಸಿದ್ಧರಿರಬೇಕು. ದಿನಗಟ್ಟಲೆ ಬೂಟು ಬಿಚ್ಚುವಂತಿಲ್ಲ. ಕಾಲು ಊದಿದಷ್ಟೂ ಬೂಟು, ಮೊಣಕಾಲ ಕೆಳಗೆ ಸುತ್ತಿದ ಬಟ್ಟೆಪಟ್ಟಿ ಎರಡೂ ಬಿಗಿಯುತ್ತಿದ್ದವು.

ಇದಕ್ಕೆ ಹಿಮವೇ ಬೀಳಬೇಕಿಲ್ಲ. ಚಳಿ, ಒದ್ದೆ, ಅಲುಗಾಡದ ಕಾಲು, ಇಷ್ಟು ಸಾಕು. ಮೈಯ ಬಿಸಿ ಉಳಿಸಿಕೊಳ್ಳಲು ಪಾದದ ರಕ್ತನಾಳಗಳು ಕುಗ್ಗುತ್ತವೆ. ಅದು ದಿನಗಟ್ಟಲೆ ಹಾಗೇ ಉಳಿದರೆ ನರಗಳು ಸೊರಗುತ್ತವೆ. ಪಾದ ಬಿಳಿಚಿ, ಹತ್ತಿಯ ಮೇಲೆ ನಡೆದ ಹಾಗೆ ಆಗುತ್ತದೆ. ಬೆಚ್ಚಗಾದ ಮೇಲೆ ಶುರು ನಿಜವಾದ ನೋವು. ಪಾದ ಕೆಂಪಗೆ ಊದಿ ಬೆಂಕಿಯಂತೆ ಉರಿಯುತ್ತದೆ. ಹೊದಿಕೆಯ ಭಾರವೂ ತಡೆಯಲಾಗದು. ಕೆಲವರ ಬೆರಳು ಕಪ್ಪಾಗಿ ಕತ್ತರಿಸಬೇಕಾಗುತ್ತಿತ್ತು. ಗದ್ದೆಯ ಕೆಸರುಹುಣ್ಣು ಇಷ್ಟು ಆಳಕ್ಕೆ ಇಳಿಯುವುದಿಲ್ಲ. ಆ ಒಂದೇ ಚಳಿಗಾಲದಲ್ಲಿ ಬ್ರಿಟಿಷ್ ಸೇನೆಯಲ್ಲಿ 20,000ಕ್ಕೂ ಜಾಸ್ತಿ ಮಂದಿಗೆ ಹೀಗಾಯಿತು.

ಆಮೇಲೆ ಕಂದಕದ ತಳಕ್ಕೆ ಹಲಗೆ ಹಾಸಿದರು. ಒಣ ಕಾಲುಚೀಲ, ತಿಮಿಂಗಿಲದ ಎಣ್ಣೆ ಬಂತು. ಇಬ್ಬಿಬ್ಬರ ಜೋಡಿ ಮಾಡಿ, ಒಬ್ಬರ ಕಾಲನ್ನು ಇನ್ನೊಬ್ಬರು ನೋಡಬೇಕು ಎಂದು ನಿಯಮ ತಂದರು. ಕಾಲು ಕೆಟ್ಟರೆ ಅಧಿಕಾರಿಯೇ ಉತ್ತರ ಕೊಡಬೇಕು. ಎಣ್ಣೆಗಿಂತ ಈ ಜೋಡಿಯೇ ದೊಡ್ಡ ಔಷಧ ಎಂದು ನನ್ನ ನಂಬಿಕೆ. ಎಣ್ಣೆ ಹಚ್ಚುವ ನೆಪದಲ್ಲಾದರೂ ಬೂಟು ಬಿಚ್ಚುತ್ತಿತ್ತು. ಮರಗಟ್ಟಿದ ಪಾದವನ್ನು ಗೆಳೆಯ ತೊಡೆಯ ಮೇಲಿಟ್ಟುಕೊಂಡು, ಬೆರಳ ಸಂದಿಯನ್ನೆಲ್ಲ ಒರೆಸಿ ನೋಡುತ್ತಿದ್ದ.

ಸಕ್ಕರೆ ಕಾಯಿಲೆಯಲ್ಲೂ ನರ ಸೊರಗಿ ಪಾದದ ಗಾಯ ಗೊತ್ತಾಗದೇ ಹೋಗಬಹುದು. ಅದಕ್ಕೇ ನಾನು ಆ ಕಾಯಿಲೆಯವರ ಜೊತೆ ಮನೆಯವರನ್ನೂ ಒಳಗೆ ಕರೆಯುತ್ತೇನೆ. 'ರಾತ್ರಿ ಮಲಗೋ ಮುಂಚೆ ಇವರ ಪಾದ ನೀವು ನೋಡ್ಬೇಕಮ್ಮಾ' ಎಂದು ಹೇಳಿ, ಹೇಗೆ ನೋಡಬೇಕೆಂದು ಅಲ್ಲೇ ತೋರಿಸಿಕೊಡುತ್ತೇನೆ.