ಆಫ್ ಮಾಡಿದ್ರೂ ಮಿಣುಕೋ ಬಲ್ಬು, ಡಿಮ್ಮರಲ್ಲಿ ನಡುಗೋ ಬೆಳಕು

ಕೊಡಗಿನಲ್ಲಿ ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆ ಶುರುವಾದ್ರೆ ಸಾಕು, ನಾಪೋಕ್ಲು ಕಡೆಯಿಂದಲೋ ಪೊನ್ನಂಪೇಟೆ ಕಡೆಯಿಂದಲೋ ಈ ಕತೆ ಬಂದೇ ಬರುತ್ತೆ: ಸ್ವಿಚ್ ಆಫ್ ಮಾಡಿ ಮಲಗಿದ್ಮೇಲೂ ಎಲ್‌ಇಡಿ ಬಲ್ಬು ಮಂಕಾಗಿ ಉರೀತಿತ್ತಂತೆ, ಇಲ್ಲಾ ಸ್ವಲ್ಪ ಹೊತ್ತಿಗೊಮ್ಮೆ ಪಕ್ ಅಂತ ಮಿಂಚಿ ಆರ್ತಿತ್ತಂತೆ, ಅದೂ ತೀರಿಕೊಂಡ ಅಜ್ಜನ ರೂಮಲ್ಲೇ. ಆಮೇಲೆ ತಾಯತ, ಮಂತ್ರವಾದಿ. ನನಗೆ ಸಿಟ್ಟು ಬರೋದು ಇಲ್ಲೇ, ಯಾಕಂದ್ರೆ ಆ ಬೆಳಕು ಕೆಲವು ಸಲ ನಿಜವಾದ ಅಪಾಯದ ಸುಳಿವು, ಅದನ್ನ ನೋಡ್ಬೇಕಾದವರು ಎಲೆಕ್ಟ್ರಿಷಿಯನ್.

ಹಳೇ 60 ವ್ಯಾಟಿನ ತಂತಿ ಬಲ್ಬಿಗೆ ಸುಮಾರು 0.26 ಆಂಪಿಯರ್ ಬೇಕಿತ್ತು, ಚೂರುಪಾರು ಕರೆಂಟ್ ಬಂದ್ರೆ ಅದು ಕಣ್ಣೇ ಬಿಡ್ತಿರಲಿಲ್ಲ. ಎಲ್‌ಇಡಿ ಹಾಗಲ್ಲ, ಮಿಲಿಆಂಪಿಯರಿಗಿಂತ ಕಮ್ಮಿ ಇದ್ರೂ ಮಿಣುಕುತ್ತೆ. ಎಲ್ಲಿಂದ ಬರುತ್ತೆ ಅಂದ್ರೆ, ಕತ್ತಲಲ್ಲಿ ಕಾಣಲಿ ಅಂತ ಕೆಲವು ಸ್ವಿಚ್ಚಿನಲ್ಲೇ ಪುಟ್ಟ ಇಂಡಿಕೇಟರ್ ಇರುತ್ತಲ್ಲ, ಸ್ವಿಚ್ ಆಫ್ ಇದ್ದಾಗ ಅದು ಉರಿಯೋ ಕರೆಂಟು ಬಲ್ಬಿನ ಮೂಲಕವೇ ವಾಪಸ್ ಹೋಗ್ಬೇಕು. ಬಲ್ಬಿನ ಒಳಗೆ ಕೆಪಾಸಿಟರ್ ಇದೆ. ಹಂಚಿನ ಸಂದಿಯಿಂದ ತೊಟ್ಟಿಕ್ಕೋ ನೀರಿಗೆ ಪಾತ್ರೆ ಇಟ್ಟ ಹಾಗೆ ಅದು ಆ ಕರೆಂಟನ್ನ ಹನಿಹನಿಯಾಗಿ ತುಂಬಿಸ್ಕೊಳ್ಳುತ್ತೆ, ವೋಲ್ಟೇಜ್ ಒಂದು ಮಟ್ಟ ಮುಟ್ಟಿದ ತಕ್ಷಣ ಬಲ್ಬಿನೊಳಗೆ ಎಲ್‌ಇಡಿಗೆ ಕರೆಂಟ್ ಕೊಡೋ ಡ್ರೈವರ್ ಸರ್ಕ್ಯೂಟ್ ಎಚ್ಚರಾಗಿ ಎಲ್ಲಾ ಒಂದೇ ಸಲ ಎಲ್‌ಇಡಿಗೆ ಸುರಿದುಬಿಡುತ್ತೆ, ಪಕ್! ಖಾಲಿ ಆಯ್ತು, ಮತ್ತೆ ತುಂಬೋಕೆ ಶುರು. ಇಂಡಿಕೇಟರ್ ಇಲ್ಲದ ಸ್ವಿಚ್ ಹಾಕಿಸಿದ್ರೆ ಇದು ನಿಲ್ಲುತ್ತೆ.

ಇಂಡಿಕೇಟರ್ ಇಲ್ಲದೇನೂ ಮಿಣುಕಿದ್ರೆ ಸ್ವಿಚ್ಚು ಫೇಸ್ (ಕರೆಂಟ್ ಬರೋ ತಂತಿ) ಬದಲು ನ್ಯೂಟ್ರಲ್‌ನಲ್ಲಿ (ವಾಪಸ್ ಹೋಗೋ ತಂತಿ) ಇರಬಹುದು. ಆಗ ಆಫ್ ಮಾಡಿದ್ರೂ ಹೋಲ್ಡರಲ್ಲಿ 230 ವೋಲ್ಟ್ ಹಾಗೇ ನಿಂತಿರುತ್ತೆ, ಮಳೆಗೆ ನೆನೆದ ಗೋಡೆ, ಉದ್ದದ ವೈರಿಂಗ್ ಸೇರಿ ಚೂರು ಕರೆಂಟ್ ಸೋರುತ್ತೆ. ಆಫ್ ಇದೆ ಅಂತ ನಂಬಿ ಬಲ್ಬ್ ಬದಲಾಯಿಸೋಕೆ ಸ್ಟೂಲ್ ಹತ್ತಿದವರಿಗೆ ಶಾಕ್ ಹೊಡೆಯೋದು ಹೀಗೇ. ದಯವಿಟ್ಟು ಮೇನ್ ಸ್ವಿಚ್ ಆಫ್ ಮಾಡದೆ ಮುಟ್ಟಬೇಡಿ.

ಇನ್ನು ಬೆಳಕು ಹೆಚ್ಚು ಕಮ್ಮಿ ಮಾಡೋ ಡಿಮ್ಮರು. ಮೊದಲು ನಾಟಕಶಾಲೆಗಳಲ್ಲಿ ದೊಡ್ಡ ದೊಡ್ಡ ರೆಸಿಸ್ಟರ್ ಇಟ್ಟು ಹೆಚ್ಚಾದ ಕರೆಂಟನ್ನ ಬರೀ ಬಿಸಿ ಮಾಡಿ ಕಳೀತಿದ್ರು, 1959ರಲ್ಲಿ ನ್ಯೂಯಾರ್ಕಿನ ಜೋಯಲ್ ಸ್ಪೈರಾ ಸೆಮಿಕಂಡಕ್ಟರ್ ಬಳಸಿ ಗೋಡೆಯ ಸ್ವಿಚ್ ಬಾಕ್ಸಲ್ಲೇ ಕೂರೋ ಡಿಮ್ಮರ್ ಮಾಡಿದ. ಎಂಥಾ ಚೆಂದದ ಉಪಾಯ ಅಂದ್ರೆ, ಕರೆಂಟನ್ನ ಬಿಸಿ ಮಾಡಿ ಕಳೆಯೋದೇ ಇಲ್ಲ, ಸೆಕೆಂಡಿಗೆ 100 ಸಲ (ನಮ್ಮದು 50 ಹರ್ಟ್ಸ್, ಅದಕ್ಕೆ) ಪ್ರತಿ ಅರ್ಧ ಅಲೆಯ ಒಂದಷ್ಟು ಭಾಗ ತಡೆದು ಉಳಿದದ್ದನ್ನ ಬಿಡೋದು. ತಂತಿ ಬಲ್ಬು ಅಷ್ಟರಲ್ಲಿ ತಣ್ಣಗಾಗಲ್ಲ, ಹಾಗಾಗಿ ಕಣ್ಣಿಗೆ ಗೊತ್ತಾಗಲ್ಲ. ಆದ್ರೆ ಡಿಮ್ಮರ್ ಒಳಗಿರೋ ಟ್ರಯಾಕ್ (ಅಲೆಯನ್ನ ತಡೆದು ಬಿಡೋ ಸೆಮಿಕಂಡಕ್ಟರ್ ಸ್ವಿಚ್) ಆನ್ ಆಗಿಯೇ ಇರೋಕೆ ಬಲ್ಬು ಇಷ್ಟು ಅಂತ ಕರೆಂಟ್ ಎಳೀಲೇಬೇಕು, 9 ವ್ಯಾಟಿನ ಎಲ್‌ಇಡಿ ಅಷ್ಟು ಎಳೆಯಲ್ಲ, ಟ್ರಯಾಕ್ ಮಧ್ಯದಲ್ಲೇ ಕೈಬಿಡುತ್ತೆ, ಬೆಳಕು ನಡುಗುತ್ತೆ, ಗುಂಯ್ ಅಂತ ಸದ್ದೂ ಬರುತ್ತೆ. ಮಡಿಕೇರಿಯ ಹೋಂಸ್ಟೇಗಳಲ್ಲಿ ಹಳೇ ಡಿಮ್ಮರಿಗೆ ಹೊಸ ಬಲ್ಬ್ ಹಾಕಿ ಬಲ್ಬೇ ಸರಿ ಇಲ್ಲ ಅನ್ನೋರು ಇದನ್ನ ನೋಡ್ಬೇಕು. ಡಬ್ಬಿ ಮೇಲೆ ಡಿಮ್ಮಬಲ್ ಅಂತ ಇದ್ಯಾ, ಡಿಮ್ಮರ್ ಮೇಲೆ ಬರೆದ ಕನಿಷ್ಠ ಲೋಡ್ ಎಷ್ಟು, ಎರಡೂ ಹೊಂದಲೇಬೇಕು, ಬಲ್ಬ್ ಡಿಮ್ಮಬಲ್ ಅಲ್ಲದಿದ್ರೆ ಬಲ್ಬ್ ಬದಲಾಯಿಸಿ, ಲೋಡ್ ಹೊಂದದಿದ್ರೆ ಎಲ್‌ಇಡಿಗೇ ಅಂತ ಮಾಡಿದ ಟ್ರೇಲಿಂಗ್ ಎಡ್ಜ್ (ಅಲೆಯ ಕೊನೆಯ ಭಾಗ ತಡೆಯೋ) ಡಿಮ್ಮರ್ ಹಾಕಿಸಿ.

ಮರ ಬಿದ್ದು ಲೈನ್ ಹೋಗಿ ಬಂದ್ಮೇಲೆ ಒಂದು ರೂಮಿನ ಲೈಟ್ ಮಂಕು, ಇನ್ನೊಂದರದ್ದು ಕಣ್ಣು ಕುಕ್ಕೋ ಹಾಗೆ ಆದ್ರೆ ಮಾತ್ರ ಬಲ್ಬ್, ಡಿಮ್ಮರ್ ಯಾವುದನ್ನೂ ನೋಡ್ತಾ ಕೂರಬೇಡಿ, ನ್ಯೂಟ್ರಲ್ ಕಿತ್ತಿರಬಹುದು, ಕೂಡ್ಲೇ ಮೇನ್ ಆಫ್ ಮಾಡಿ ಲೈನ್‌ಮ್ಯಾನಿಗೆ ಫೋನ್ ಮಾಡಿ.