ಸಂಬಳದಲ್ಲಿ 10 ರೂಪಾಯಿ ಹಿಡಿಯುತ್ತಾರೆ: ನಾನು ಗುಂಪು ವಿಮೆಯಲ್ಲಿ ಇದ್ದೇನೋ ಇಲ್ಲವೋ?

ಪ್ರಶ್ನೆ: ಈ ವರ್ಷ ಮಾರ್ಚ್‌ನಲ್ಲಿ ಹಾಸನ ಜಿಲ್ಲೆಯ ಅಂಚೆ ಕಚೇರಿಯೊಂದರಲ್ಲಿ ಪೋಸ್ಟಲ್ ಅಸಿಸ್ಟೆಂಟ್ ಆಗಿ ಕೆಲಸಕ್ಕೆ ಸೇರಿದ್ದೇನೆ. ಪೇ ಸ್ಲಿಪ್‌ನಲ್ಲಿ ಸಿಜಿಇಜಿಐಎಸ್ ಅಂತ ತಿಂಗಳಿಗೆ 10 ರೂಪಾಯಿ ಹಿಡಿಯುತ್ತಿದ್ದಾರೆ. ಪಕ್ಕದ ಕೌಂಟರಿನವರಿಗೆ 30 ರೂಪಾಯಿ ಹಿಡಿಯುತ್ತಾರೆ. ಕೇಳಿದರೆ 'ನೀನಿನ್ನೂ ಮೆಂಬರ್ ಆಗಿಲ್ಲ' ಅಂದರು. ಹಾಗಾದರೆ ಈಗ ನನಗೆ ಏನಾದರೂ ಆದರೆ ಮನೆಯವರಿಗೆ ದುಡ್ಡು ಬರುವುದೇ ಇಲ್ವಾ? ಈ ಯೋಜನೆಗೆ ಯಾರು ಅರ್ಹರು, ಯಾವತ್ತಿನಿಂದ ಅರ್ಹರು ಎಂದು ಬಿಡಿಸಿ ಹೇಳುತ್ತೀರಾ?

ಉತ್ತರ: ಬರುತ್ತದೆ. ಇವತ್ತಿನ ದಿನಕ್ಕೆ ನಿಮ್ಮ ಹೆಸರಿನಲ್ಲಿ 30 ಸಾವಿರ ರೂಪಾಯಿಯ ವಿಮೆ ಇದೆ. ನೀವು ಕೆಲಸಕ್ಕೆ ಹಾಜರಾದ ದಿನದಿಂದಲೇ ಇದೆ. ನಿಮ್ಮ ಸಹೋದ್ಯೋಗಿ ಹೇಳಿದ್ದೂ ಸುಳ್ಳಲ್ಲ. ನೀವು ಇನ್ನೂ ಸದಸ್ಯರಾಗಿಲ್ಲ. ಈ ಎರಡು ಮಾತು ಒಟ್ಟಿಗೆ ಹೇಗೆ ನಿಜವಾಗುತ್ತವೆ ಎಂದು ಗೊತ್ತಾದರೆ ಯೋಜನೆಯ ಮುಕ್ಕಾಲು ಪಾಲು ಗೊತ್ತಾದ ಹಾಗೆ.

ಸಿಜಿಇಜಿಐಎಸ್ ಎಂದರೆ ಕೇಂದ್ರ ಸರ್ಕಾರಿ ನೌಕರರ ಗುಂಪು ವಿಮಾ ಯೋಜನೆ. ಹೆಸರಿನ ಜೊತೆ 1980 ಎಂಬ ಇಸವಿ ಇದ್ದರೂ ಜಾರಿಗೆ ಬಂದದ್ದು 1982ರ ಜನವರಿ 1ರಂದು. ಈ ಜನವರಿ 1 ನೆನಪಿರಲಿ, ಮುಂದೆ ಪದೇ ಪದೇ ಬರುತ್ತದೆ. ಯೋಜನೆಗೆ ಸರ್ಕಾರ ತನ್ನ ಕಡೆಯಿಂದ ವಂತಿಗೆ ಕೊಡುವುದಿಲ್ಲ. ನೌಕರರು ಕಟ್ಟಿದ ದುಡ್ಡಿನಲ್ಲೇ ನಡೆಯುತ್ತದೆ.

ಒಳಗೆ ಎರಡು ನಿಧಿಗಳಿವೆ. ಒಂದು ವಿಮೆಯದು, ಇನ್ನೊಂದು ಉಳಿತಾಯದ್ದು. ನಿಮ್ಮ ಪಕ್ಕದವರು ಕಟ್ಟುವ 30 ರೂಪಾಯಿಯಲ್ಲಿ ಶೇಕಡಾ 30, ಅಂದರೆ 9 ರೂಪಾಯಿ, ವಿಮೆಯ ನಿಧಿಗೆ ಹೋಗುತ್ತದೆ. ಉಳಿದ 21 ರೂಪಾಯಿ ಉಳಿತಾಯಕ್ಕೆ. ನಿಮ್ಮ 10 ರೂಪಾಯಿ ಪೂರ್ತಿ ವಿಮೆಗೇ ಹೋಗುತ್ತದೆ, ಉಳಿತಾಯಕ್ಕೆ ಒಂದು ಪೈಸೆಯೂ ಇಲ್ಲ. ವ್ಯತ್ಯಾಸ ಇಷ್ಟೇ. ನಿಮಗೂ ಅವರಿಗೂ ವಿಮೆ ಒಂದೇ, 30 ಸಾವಿರ. ಅವರಿಗೆ ಅದರ ಮೇಲೆ ಉಳಿತಾಯವೂ ಸೇರುತ್ತಿದೆ.

ಸದಸ್ಯತ್ವ ಶುರುವಾಗುವುದು ಜನವರಿ 1ರಂದು ಮಾತ್ರ. ವರ್ಷದ ನಡುವೆ ಕೆಲಸಕ್ಕೆ ಸೇರಿದವರು ಮುಂದಿನ ಜನವರಿ 1ರವರೆಗೆ ಕಾಯಬೇಕು. ಅಲ್ಲಿಯವರೆಗೆ ಮನೆಯವರು ಬರಿಗೈಯಲ್ಲಿ ಉಳಿಯಬಾರದು ಎಂದೇ ಈ ವಿಮೆ ಮಾತ್ರದ ಕಡಿತವನ್ನು ಇಟ್ಟಿದ್ದಾರೆ. ನಿಮಗೆ ಡಿಸೆಂಬರ್‌ವರೆಗೆ 10 ರೂಪಾಯಿ, ಜನವರಿಯಿಂದ 30. ಅದಕ್ಕೆ ನೀವು ಅರ್ಜಿ ಹಾಕಬೇಕಿಲ್ಲ, ವೈದ್ಯಕೀಯ ಪರೀಕ್ಷೆಯೂ ಇಲ್ಲ. 'ನನಗೆ ಬೇಡ' ಅನ್ನುವ ಅವಕಾಶವೂ ಇಲ್ಲ, ಏಕೆಂದರೆ ಇದು ಕಡ್ಡಾಯ. ಆದರೆ ಜನವರಿಯ ಪೇ ಸ್ಲಿಪ್ ಬಂದಾಗ ಒಮ್ಮೆ ಕಣ್ಣು ಹಾಯಿಸಿ. ಅದರಲ್ಲೂ 10 ರೂಪಾಯಿಯೇ ಇದ್ದರೆ ಆ ವಾರವೇ ಅಕೌಂಟ್ಸ್ ವಿಭಾಗದಲ್ಲಿ ಹೇಳಿ ಸರಿಮಾಡಿಸಿ. ವರ್ಷಗಟ್ಟಲೆ ಬಿಟ್ಟರೆ ಸರಿಮಾಡುವುದು ಕಷ್ಟ.

ಹುದ್ದೆಯ ಯಾವ ಗುಂಪಿಗೆ ಎಷ್ಟು ಎಂಬುದನ್ನೂ ಹೇಳಿಬಿಡುತ್ತೇನೆ. ಲೆಕ್ಕ ಯೂನಿಟ್ ಮೇಲೆ ನಡೆಯುತ್ತದೆ. ಒಂದು ಯೂನಿಟ್‌ಗೆ ತಿಂಗಳಿಗೆ 15 ರೂಪಾಯಿ, ಅದಕ್ಕೆ 15 ಸಾವಿರದ ವಿಮೆ. ನಿಮ್ಮಂಥ 'ಸಿ' ಗುಂಪಿನವರಿಗೆ 2 ಯೂನಿಟ್, 'ಬಿ' ಗುಂಪಿನವರಿಗೆ 4, 'ಎ' ಗುಂಪಿನವರಿಗೆ 8. ಹಾಗಾಗಿ 'ಬಿ' ಗುಂಪಿನವರು ತಿಂಗಳಿಗೆ 60 ರೂಪಾಯಿ ಕಟ್ಟುತ್ತಾರೆ, ವಿಮೆ 60 ಸಾವಿರ. 'ಎ' ಗುಂಪಿನವರು ಕಟ್ಟುವುದು 120 ರೂಪಾಯಿ, ವಿಮೆ 1 ಲಕ್ಷ 20 ಸಾವಿರ. ಹಿಂದೆ 'ಡಿ' ಗುಂಪು ಅಂತ ಇತ್ತು, ಅವರಿಗೆ 1 ಯೂನಿಟ್. ಆರನೇ ವೇತನ ಆಯೋಗದ ನಂತರ ಆ ಗುಂಪು 'ಸಿ'ಯೊಳಗೆ ಸೇರಿಹೋಯಿತು.

ಇನ್ನು ಯಾರು ಅರ್ಹರು ಅನ್ನುವುದಕ್ಕೆ ಬರೋಣ. ನಿಯಮ ಶುರುವಾಗುವುದೇ 'ಎಲ್ಲ ಕೇಂದ್ರ ಸರ್ಕಾರಿ ನೌಕರರು' ಎಂಬ ದೊಡ್ಡ ಮಾತಿನಿಂದ. ರೈಲ್ವೆ, ಅಂಚೆ, ಆದಾಯ ತೆರಿಗೆ, ಎಲ್ಲರೂ ಬಂದರು. 2004ರ ಜನವರಿ 1ರಿಂದ ಈಚೆಗೆ ಸೇರಿ ಹೊಸ ಪಿಂಚಣಿ ಯೋಜನೆಯಲ್ಲಿ (ಎನ್‌ಪಿಎಸ್) ಇರುವವರೂ ಬಂದರು. ಹಳೇ ಪಿಂಚಣಿಯೋ ಹೊಸದೋ ಎಂಬುದಕ್ಕೂ ಈ ವಿಮೆಗೂ ಸಂಬಂಧ ಇಲ್ಲ. ಪ್ರೊಬೇಷನ್‌ನಲ್ಲಿ ಇದ್ದೇನಲ್ಲ ಎಂಬ ಚಿಂತೆಯೂ ಬೇಡ. ನಿಮ್ಮದು ರೆಗ್ಯುಲರ್ ನೇಮಕ, ಅಷ್ಟು ಸಾಕು.

ತೊಂದರೆ ಇರುವುದು ಹೊರಗಿಟ್ಟವರ ಪಟ್ಟಿಯಲ್ಲಿ. ಗುತ್ತಿಗೆ ನೌಕರರು, ದಿನಗೂಲಿಯವರು, ಅರೆಕಾಲಿಕ ಕೆಲಸದವರು, ತಾತ್ಕಾಲಿಕವಾಗಿ ಅಡ್‌ಹಾಕ್ ಮೇಲೆ ಬಂದವರು ಇದರಲ್ಲಿ ಸೇರುವುದಿಲ್ಲ. ರಾಜ್ಯ ಸರ್ಕಾರದಿಂದಲೋ ಸಾರ್ವಜನಿಕ ಉದ್ದಿಮೆಯಿಂದಲೋ ಡೆಪ್ಯುಟೇಷನ್ ಮೇಲೆ ಕೇಂದ್ರಕ್ಕೆ ಬಂದವರೂ ಇಲ್ಲ. 50 ವರ್ಷ ದಾಟಿದ ಮೇಲೆ ಕೇಂದ್ರದ ನೌಕರಿಗೆ ಸೇರಿದವರೂ ಇಲ್ಲ. ಗುತ್ತಿಗೆಯವರ ವಿಷಯ ನನಗೆ ಸರಿ ಕಾಣುವುದಿಲ್ಲ. ಅದೇ ಕಚೇರಿ, ಅದೇ ಮೇಜು, ಎಷ್ಟೋ ಸಲ ಅದೇ ಕೆಲಸ. ಅವರ ಮನೆಯವರಿಗೆ ಈ ಸಣ್ಣ ಮೊತ್ತವೂ ಇಲ್ಲ. ಸರ್ಕಾರಿ ಕಚೇರಿಗಳಲ್ಲಿ ಗುತ್ತಿಗೆ ಕೆಲಸ ಹೆಚ್ಚುತ್ತಿರುವ ಈ ಕಾಲಕ್ಕೆ, 80ರ ದಶಕದ ಆ ಪಟ್ಟಿಯನ್ನು ತಿದ್ದಲೇಬೇಕು.

ನಿಮ್ಮ ಇಲಾಖೆಯಲ್ಲೇ ಇರುವ ಗ್ರಾಮೀಣ ಡಾಕ್ ಸೇವಕರಿಗೂ ಈ ಯೋಜನೆ ಇಲ್ಲ. ಅವರಿಗೆ ಬೇರೆಯದೇ ಗುಂಪು ವಿಮೆ ಇದೆ. ಡಾಕ್ ಸೇವಕರಾಗಿದ್ದು ಪರೀಕ್ಷೆ ಬರೆದು ಪೋಸ್ಟ್‌ಮ್ಯಾನ್ ಆದವರು ಒಂದು ಮಾತು ಗಮನಿಸಬೇಕು. ಸಿಜಿಇಜಿಐಎಸ್ ಲೆಕ್ಕ ರೆಗ್ಯುಲರ್ ಆಗಿ ಸೇರಿದ ದಿನದಿಂದ ಹೊಸದಾಗಿ ಶುರುವಾಗುತ್ತದೆ. ಹಿಂದಿನ ಸೇವೆಯ ವರ್ಷಗಳು ಇದಕ್ಕೆ ಸೇರುವುದಿಲ್ಲ. ಹಾಗೆಯೇ ಕರ್ನಾಟಕ ಸರ್ಕಾರದ ನೌಕರರು ಇದನ್ನು ಓದಿ ತಮ್ಮ ಪೇ ಸ್ಲಿಪ್‌ಗೆ ಹೋಲಿಸಬೇಡಿ. ನಿಮಗೆ ಕರ್ನಾಟಕ ಸರ್ಕಾರಿ ವಿಮಾ ಇಲಾಖೆ (ಕೆಜಿಐಡಿ) ನೋಡಿಕೊಳ್ಳುವ ಬೇರೆ ಯೋಜನೆಗಳಿವೆ, ಅದರ ದರ, ನಿಯಮ ಎಲ್ಲ ಬೇರೆ.

ಎಲ್ಲಕ್ಕಿಂತ ಜಾಸ್ತಿ ಗೊಂದಲ ಆಗುವುದು ಬಡ್ತಿ ಬಂದಾಗ. ಮುಂದೊಂದು ದಿನ ನಿಮಗೆ ಏಪ್ರಿಲ್‌ನಲ್ಲಿ 'ಬಿ' ಗುಂಪಿನ ಹುದ್ದೆಗೆ ಬಡ್ತಿ ಬಂತು ಅಂದುಕೊಳ್ಳಿ. ಸಂಬಳ ಏಪ್ರಿಲ್‌ನಿಂದಲೇ ಏರುತ್ತದೆ. ವಿಮೆ ಮಾತ್ರ ಏರುವುದಿಲ್ಲ. ಮುಂದಿನ ಜನವರಿ 1ರವರೆಗೆ ನೀವು ಹಳೇ 30 ರೂಪಾಯಿಯನ್ನೇ ಕಟ್ಟುತ್ತೀರಿ, ವಿಮೆಯೂ 30 ಸಾವಿರವೇ. ಅಕ್ಟೋಬರ್‌ನಲ್ಲಿ ಏನಾದರೂ ಆದರೆ 'ನಮ್ಮ ಯಜಮಾನರು ಗೆಜೆಟೆಡ್ ಆಫೀಸರ್ ಆಗಿದ್ದರಲ್ಲ, 60 ಸಾವಿರ ಬರಬೇಕಲ್ಲ' ಎಂದು ಮನೆಯವರು ಕೇಳುತ್ತಾರೆ. ಬರುವುದಿಲ್ಲ. ಕಚೇರಿಯವರು ಮೋಸ ಮಾಡಿದರು ಎಂದು ಅವರಿಗೆ ಅನ್ನಿಸಿದರೆ ಆಶ್ಚರ್ಯ ಇಲ್ಲ, ಏಕೆಂದರೆ ಈ ನಿಯಮವನ್ನು ಬಡ್ತಿಯ ಆದೇಶದ ಜೊತೆ ಯಾರೂ ಓದಿ ಹೇಳುವುದಿಲ್ಲ. ಬಡ್ತಿ ರೆಗ್ಯುಲರ್ ಆಗಿರಬೇಕು ಎಂಬುದೂ ಇದೆ. ಅಡ್‌ಹಾಕ್ ಬಡ್ತಿಗೆ ವಿಮೆಯ ಗುಂಪು ಬದಲಾಗುವುದಿಲ್ಲ.

ಬಡ್ತಿಯಿಂದ ಉಳಿತಾಯದ ಲೆಕ್ಕವೂ ಎರಡು ಭಾಗವಾಗುತ್ತದೆ. ಮೊದಲಿನ 2 ಯೂನಿಟ್‌ಗೆ ಮೊದಲ ಸದಸ್ಯತ್ವದ ವರ್ಷದಿಂದ ಲೆಕ್ಕ. ಹೊಸದಾಗಿ ಸೇರಿದ 2 ಯೂನಿಟ್‌ಗೆ ಬಡ್ತಿಯ ನಂತರದ ಜನವರಿಯಿಂದ ಲೆಕ್ಕ. ಸರ್ಕಾರಿ ನೌಕರರ ಭವಿಷ್ಯ ನಿಧಿಯ (ಜಿಪಿಎಫ್) ಹಾಗೆ ಇದಕ್ಕೆ ನಿಮ್ಮ ಹೆಸರಿನ ಖಾತೆ, ವರ್ಷದ ಸ್ಟೇಟ್‌ಮೆಂಟ್ ಏನೂ ಇರುವುದಿಲ್ಲ. ಹಣಕಾಸು ಸಚಿವಾಲಯ ಕಾಲಕಾಲಕ್ಕೆ ಒಂದು ಕೋಷ್ಟಕ ಹೊರಡಿಸುತ್ತದೆ. ಯಾವ ವರ್ಷ ಸೇರಿ ಯಾವ ತಿಂಗಳು ಬಿಟ್ಟರೆ ಒಂದು ಯೂನಿಟ್‌ಗೆ ಎಷ್ಟು ಎಂದು ಅದರಲ್ಲಿ ಇರುತ್ತದೆ. ಕ್ಲರ್ಕ್ ಆ ಕೋಷ್ಟಕ ನೋಡಿ ಗುಣಿಸುತ್ತಾರೆ. ಹಾಗಾಗಿ ನೀವು ಯಾವ ವರ್ಷ ಯಾವ ಗುಂಪಿನಲ್ಲಿ ಸದಸ್ಯರಾದಿರಿ ಎಂಬುದು ಸರ್ವಿಸ್ ಬುಕ್‌ನಲ್ಲಿ ಸರಿಯಾಗಿ ಬರೆದಿರಲೇಬೇಕು. ಆ ಒಂದು ಸಾಲು ತಪ್ಪಿದರೆ ಮೂವತ್ತು ವರ್ಷದ ಲೆಕ್ಕ ತಪ್ಪುತ್ತದೆ.

ಸಂಬಳವಿಲ್ಲದ ರಜೆ ಹಾಕಿದರೆ? ಸದಸ್ಯತ್ವ ಹೋಗುವುದಿಲ್ಲ. ಕಟ್ಟದೆ ಉಳಿದ ತಿಂಗಳುಗಳ ಹಣವನ್ನು ಕೆಲಸಕ್ಕೆ ಮರಳಿದ ಮೇಲೆ ಬಡ್ಡಿ ಸಮೇತ ಕಂತಿನಲ್ಲಿ ಹಿಡಿಯುತ್ತಾರೆ. ರಜೆಯಲ್ಲೇ ತೀರಿಕೊಂಡರೆ ಬಾಕಿಯನ್ನು ಕಳೆದು ಉಳಿದದ್ದನ್ನು ಕೊಡುತ್ತಾರೆ. ಡೆಪ್ಯುಟೇಷನ್ ಮೇಲೆ ಬೇರೆ ಕಡೆ ಹೋದವರದ್ದೂ ಮುಂದುವರಿಯುತ್ತದೆ, ಅಲ್ಲಿ ಕಡಿತ ಆಗುತ್ತಿದೆಯಾ ಎಂದು ನೋಡಿಕೊಳ್ಳಬೇಕು ಅಷ್ಟೆ.

ಯಾವಾಗ ಏನು ಸಿಗುತ್ತದೆ ಎಂಬುದಕ್ಕೆ ಅಳತೆಗೋಲು ಒಂದೇ: ಆ ದಿನ ನೀವು ಸೇವೆಯಲ್ಲಿ ಇದ್ದಿರಾ? ಇದ್ದು ತೀರಿಕೊಂಡರೆ ವಿಮೆಯ ಮೊತ್ತವೂ ಬರುತ್ತದೆ, ಸದಸ್ಯರಾಗಿದ್ದರೆ ಉಳಿತಾಯವೂ ಬರುತ್ತದೆ. ಡ್ಯೂಟಿಯ ಮೇಲೇ ಇರಬೇಕು, ಅಪಘಾತವೇ ಆಗಿರಬೇಕು ಎಂದೇನಿಲ್ಲ. ಕಾಯಿಲೆಯಿಂದ ಮನೆಯಲ್ಲಿ ಹೋದರೂ ಅಷ್ಟೇ ಮೊತ್ತ. ನಿವೃತ್ತಿ ಅಥವಾ ರಾಜೀನಾಮೆಯಾದರೆ ಉಳಿತಾಯ ಮಾತ್ರ. ಮೇ 31ಕ್ಕೆ ನಿವೃತ್ತಿಯಾಗಿ ಜೂನ್‌ನಲ್ಲಿ ತೀರಿಕೊಂಡರೆ ವಿಮೆ ಇಲ್ಲ. ಇಷ್ಟು ವರ್ಷ ಕಟ್ಟಿದೆವಲ್ಲ ಎಂಬ ನೋವು ಸಹಜ, ಆದರೆ ವಿಮೆಯ ಪಾಲು ಆಯಾ ತಿಂಗಳಿನ ರಕ್ಷಣೆಗೆ ಖರ್ಚಾಗಿರುತ್ತದೆ. ನಿಮ್ಮ ವಿಷಯದಲ್ಲಿ, ಡಿಸೆಂಬರ್ 31ರೊಳಗೆ ಕೆಲಸ ಬಿಟ್ಟರೆ ಏನೂ ವಾಪಸ್ ಬರುವುದಿಲ್ಲ. ಕಟ್ಟಿದ 10 ರೂಪಾಯಿಗಳಲ್ಲಿ ಉಳಿತಾಯ ಇರಲಿಲ್ಲವಲ್ಲ.

ಈಗ ಮೊತ್ತದ ಬಗ್ಗೆ ನೇರವಾಗಿ ಹೇಳಬೇಕು. ಒಬ್ಬ ದುಡಿಯುವ ಮನುಷ್ಯ ಹೋದ ಮನೆಗೆ 30 ಸಾವಿರ ಯಾವ ಮೂಲೆಗೂ ಸಾಲದು. ಯೂನಿಟ್‌ಗೆ 15 ರೂಪಾಯಿ ಎಂಬ ದರ ಬಂದದ್ದು 1990ರ ಜನವರಿ 1ರಿಂದ. ಆಮೇಲೆ ಸಂಬಳ ಎಷ್ಟೋ ಪಟ್ಟು ಏರಿತು, ಇದು ಮಾತ್ರ ಅಲ್ಲೇ ನಿಂತಿದೆ. ಏಳನೇ ವೇತನ ಆಯೋಗ ಇದನ್ನು ಗಮನಿಸಿತ್ತು. ವೇತನದ ಲೆವೆಲ್ 1ರಿಂದ 5ರವರೆಗಿನವರಿಗೆ ತಿಂಗಳಿಗೆ 1500 ರೂಪಾಯಿ ಕಡಿತ, 15 ಲಕ್ಷ ವಿಮೆ. 6ರಿಂದ 9ರವರೆಗೆ 2500 ರೂಪಾಯಿ, 25 ಲಕ್ಷ. 10 ಮತ್ತು ಮೇಲಿನವರಿಗೆ 5000 ರೂಪಾಯಿ, 50 ಲಕ್ಷ ಎಂದು ಶಿಫಾರಸು ಮಾಡಿತು. 2016ರಲ್ಲಿ ಸಂಪುಟ ಅದನ್ನು ಒಪ್ಪಲಿಲ್ಲ. ಕೈಗೆ ಬರುವ ಸಂಬಳ ಕಡಿಮೆಯಾಗುತ್ತದೆ ಎಂಬ ಕಾರಣ ಕೊಟ್ಟು ಹಳೇ ದರವನ್ನೇ ಉಳಿಸಿತು. 30 ರೂಪಾಯಿಯಿಂದ ಒಮ್ಮೆಗೇ 1500ಕ್ಕೆ ಏರಿಸುವುದು ಸಣ್ಣ ಸಂಬಳದವರಿಗೆ ಭಾರವೇ, ಒಪ್ಪುತ್ತೇನೆ. ಆದರೆ ನಡುವಿನ ದಾರಿಯೊಂದನ್ನು ಹುಡುಕಬೇಕಿತ್ತು. ಉಳಿತಾಯದ ಕಡೆಯೂ ಹೆಚ್ಚೇನಿಲ್ಲ. ತಿಂಗಳಿಗೆ 21 ರೂಪಾಯಿಯನ್ನು 30 ವರ್ಷ ಹಾಕಿ, ಬಡ್ಡಿ ಶೇಕಡಾ 7.1ರಲ್ಲೇ ಉಳಿದರೆ ಕೈಗೆ ಬರುವುದು 25 ಸಾವಿರದ ಆಸುಪಾಸು.

'ನಾನೇ ಜಾಸ್ತಿ ಕಟ್ಟಿ ಯೂನಿಟ್ ಏರಿಸಿಕೊಳ್ಳಬಹುದಾ' ಎಂದು ಹಲವರು ಕೇಳುತ್ತಾರೆ. ಆಗುವುದಿಲ್ಲ. ಗುಂಪು ಎಷ್ಟೋ ಯೂನಿಟ್ ಅಷ್ಟೇ. ಮಧ್ಯದಲ್ಲಿ ಸಾಲ ತೆಗೆಯಲೂ ಆಗುವುದಿಲ್ಲ. ಹಾಗಾಗಿ ಮನೆಯಲ್ಲಿ ನಿಮ್ಮನ್ನೇ ನಂಬಿದವರಿದ್ದರೆ ಹೊರಗೊಂದು ವಿಮೆ ಮಾಡಿಸಿ. ಅಂಚೆ ಜೀವ ವಿಮೆಯನ್ನು ಮಾರುವ ಕೌಂಟರ್‌ನಲ್ಲೇ ನೀವು ಕೂತಿದ್ದೀರಿ. 1884ರಲ್ಲಿ ಶುರುವಾದ ಆ ಯೋಜನೆಯಲ್ಲಿ 50 ಲಕ್ಷದವರೆಗೆ ವಿಮೆ ಮಾಡಿಸಬಹುದು. ಟರ್ಮ್ ಪಾಲಿಸಿಗಳನ್ನೂ ವಿಚಾರಿಸಿ, ಕಡಿಮೆ ಕಂತಿಗೆ ದೊಡ್ಡ ಮೊತ್ತ ಸಿಗುವುದು ಅಲ್ಲಿ.

ಉಳಿದದ್ದು ನಾಮಿನೇಷನ್. ಅರ್ಹತೆ ತಾನಾಗಿ ಬರುತ್ತದೆ, ಇದು ಬರುವುದಿಲ್ಲ. ನೀವೇ ಫಾರಂ ತುಂಬಿ ಕೊಡಬೇಕು. ಕುಟುಂಬ ಇರುವವರು ಕುಟುಂಬದವರನ್ನೇ ನಾಮಿನಿ ಮಾಡಬೇಕು. ಸೇರಿದ ದಿನ ಹತ್ತಾರು ಕಾಗದಗಳ ನಡುವೆ ಸಹಿ ಮಾಡಿದ್ದು ನೆನಪಿದ್ದರೂ ಅದರಲ್ಲಿ ಗುಂಪು ವಿಮೆಯ ಫಾರಂ ಇತ್ತಾ ಎಂದು ಕೇಳಿ ನೋಡಿ. ಜಿಪಿಎಫ್ ಅಥವಾ ಎನ್‌ಪಿಎಸ್‌ಗೆ ಕೊಟ್ಟ ನಾಮಿನೇಷನ್ ಇದಕ್ಕೆ ನಡೆಯುವುದಿಲ್ಲ. ಮದುವೆಯಾದ ಮೇಲೆ ಹೊಸ ಫಾರಂ ಕೊಡಿ. ಕಚೇರಿಯ ಮುಖ್ಯಸ್ಥರ ಸಹಿ ಬಿದ್ದ ಪ್ರತಿಯೊಂದನ್ನು ಕೇಳಿ ಪಡೆದು ಮನೆಯಲ್ಲಿಡಿ. ಈ ಹೆಸರಿನಲ್ಲಿ ದುಡ್ಡು ಬರಬೇಕಾಗಿದೆ ಎಂಬುದೇ ಎಷ್ಟೋ ಮನೆಯವರಿಗೆ ಗೊತ್ತಿರುವುದಿಲ್ಲ. ಇವತ್ತು ಸಂಜೆ ಊಟಕ್ಕೆ ಕೂತಾಗ ನಿಮ್ಮ ಮನೆಯವರಿಗೆ ಹೇಳಿಬಿಡಿ.