ನೆರೆಯ ಸೆಳೆತದಲ್ಲಿ ರೂಪುಗೊಂಡ ಗೆಲಾಕ್ಸಿಗಳು

ಇಂದು ಗೆಲಾಕ್ಸಿ ಎಂದು ನಮಗೆ ಗೊತ್ತಿರುವ ಎಂ51 ಎಂಬ ಮಸುಕು ಮಚ್ಚೆಯನ್ನು ಫ್ರಾನ್ಸಿನ ಖಗೋಳ ವೀಕ್ಷಕ ಚಾರ್ಲ್ಸ್ ಮೆಸಿಯೆ ಆಗಸದಲ್ಲಿ ಕಂಡದ್ದು 1773ರಲ್ಲಿ. ಅದಕ್ಕೊಂದು ಜೊತೆಯಿದೆ ಎಂದು ಪಿಯೆರ್ ಮೆಷೆನ್ ಗುರುತಿಸಿದ್ದು 1781ರಲ್ಲಿ. 1845ರಲ್ಲಿ ಐರ್ಲೆಂಡಿನ ಲಾರ್ಡ್ ರಾಸ್ ತನ್ನ 72 ಅಂಗುಲದ ದೂರದರ್ಶಕದಲ್ಲಿ ಅದರ ಸುರುಳಿಯನ್ನು ಕಂಡು ಚಿತ್ರಿಸಿದ. ಒಂದು ತೋಳು ನೆರೆಯ ಮಚ್ಚೆಯತ್ತ ಚಾಚಿರುವುದು ಆ ಚಿತ್ರದಲ್ಲೇ ಇದೆ. ಆ ನೆರೆಯೇ ಈ ರೂಪಕ್ಕೆ ಕಾರಣವೆಂದು ಲೆಕ್ಕ ಹಾಕಿ ತೋರಿಸಲು ಇನ್ನೂ 127 ವರ್ಷ ಬೇಕಾಯಿತು.

ಈ ನಡುವಿನ ಒಂದು ಪ್ರಯೋಗ ನನಗೆ ಬಹಳ ಪ್ರಿಯ. 1941, ಕಂಪ್ಯೂಟರ್ ಇಲ್ಲದ ಕಾಲ. ಎರಡು ಗೆಲಾಕ್ಸಿಗಳು ಹಾದುಹೋಗುವಾಗ ಪ್ರತಿ ಭಾಗದ ಮೇಲೆ ಬೀಳುವ ಗುರುತ್ವವನ್ನು ಕೈಯಲ್ಲಿ ಲೆಕ್ಕ ಹಾಕುವುದು ಅಸಾಧ್ಯವೆನ್ನುವಷ್ಟು ದೀರ್ಘ ಕೆಲಸ. ಸ್ವೀಡನ್ನಿನ ಎರಿಕ್ ಹೋಮ್‌ಬರ್ಗ್ ಬೇರೆ ದಾರಿ ಹಿಡಿದರು. ಗುರುತ್ವದಂತೆ ಬೆಳಕೂ ದೂರದ ವರ್ಗಕ್ಕೆ ತಕ್ಕಂತೆ ಕುಗ್ಗುತ್ತದೆ. ಹಾಗಾಗಿ ಒಂದೊಂದು ಗೆಲಾಕ್ಸಿಗೆ 37ರಂತೆ 74 ಬಲ್ಬುಗಳನ್ನು ಹರಡಿ, ಪ್ರತಿ ಜಾಗದಲ್ಲೂ ಬೆಳಕನ್ನು ಅಳೆದು, ಅದನ್ನೇ ಸೆಳೆತವೆಂದು ತಿಳಿದು ಬಲ್ಬುಗಳನ್ನು ಹೆಜ್ಜೆ ಹೆಜ್ಜೆಯಾಗಿ ಸರಿಸಿದರು. ಗೆಲಾಕ್ಸಿಗಳ ಆಕಾರ ಕೆಟ್ಟಿತು, ಸುರುಳಿ ತೋಳುಗಳು ಮೂಡಿದವು. ಇಷ್ಟು ಸರಳವಾದ, ಇಷ್ಟು ಧೈರ್ಯದ ಉಪಾಯ ಖಗೋಳ ವಿಜ್ಞಾನದಲ್ಲಿ ಅಪರೂಪ.

ಆದರೂ ಅನುಮಾನ ಉಳಿಯಿತು. 1966ರಲ್ಲಿ ಅಮೆರಿಕದ ಖಗೋಳ ವಿಜ್ಞಾನಿ ಹಾಲ್ಟನ್ ಆರ್ಪ್ ಪ್ರಕಟಿಸಿದ 338 ವಿಚಿತ್ರ ಗೆಲಾಕ್ಸಿಗಳ ಚಿತ್ರಸಂಪುಟದಲ್ಲಿ ಕಾಣುವ ಅಷ್ಟು ಸಪೂರವಾದ ಬಾಲ, ಸೇತುವೆಗಳನ್ನು ಬರಿಯ ಗುರುತ್ವ ಹೇಗೆ ಎಳೆದೀತು? 1972ರಲ್ಲಿ ಸಹೋದರರಾದ ಅಲಾರ್ ಮತ್ತು ಯೂರಿ ಟೂಮ್ರೆ ಕಂಪ್ಯೂಟರಿನಲ್ಲಿ ಉತ್ತರ ಕೊಟ್ಟರು. ಚಂದ್ರನ ಸೆಳೆತಕ್ಕೆ ಕಡಲು ಭೂಮಿಯ ಎರಡೂ ಬದಿಗಳಲ್ಲಿ ಉಬ್ಬುವಂತೆ ಗೆಲಾಕ್ಸಿಯೂ ಎರಡು ಬದಿಗೆ ಹಿಗ್ಗುತ್ತದೆ. ಒಂದು ಬದಿ ಸೇತುವೆಯಾಗುತ್ತದೆ, ಇನ್ನೊಂದು ಬಾಲವಾಗುತ್ತದೆ. ಗೆಲಾಕ್ಸಿ ಸುತ್ತುವ ದಿಕ್ಕಿನಲ್ಲೇ ನೆರೆಯದು ಹಾದುಹೋದರೆ ಪರಿಣಾಮ ತೀವ್ರ. ಎಂ51ರ ರೂಪವನ್ನೂ ಅವರು ಹೀಗೇ ಮೂಡಿಸಿದರು.

ಇಂಥ ಜೋಡಿ ಗೆಲಾಕ್ಸಿಗಳ ಬೆಳಕಿನ ಕತೆ ತಡವಾಗಿ ಬಿಚ್ಚಿಕೊಂಡಿತು. ನಕ್ಷತ್ರಗಳು ಒಂದಕ್ಕೊಂದು ಢಿಕ್ಕಿ ಹೊಡೆಯುವುದು ಇಲ್ಲವೆನ್ನುವಷ್ಟು ಕಡಿಮೆ. ಅನಿಲ ಮೋಡಗಳು ಹಾಗಲ್ಲ. ಅವು ಒತ್ತಿಕೊಂಡು, ಸುತ್ತುವ ವೇಗ ಕಳೆದುಕೊಂಡು ಕೇಂದ್ರಕ್ಕೆ ಹರಿಯುತ್ತವೆ, ಅಲ್ಲಿ ನಕ್ಷತ್ರಗಳು ರಾಶಿರಾಶಿಯಾಗಿ ಹುಟ್ಟುತ್ತವೆ. 1978ರಲ್ಲಿ ಖಗೋಳ ವಿಜ್ಞಾನಿಗಳಾದ ಲಾರ್ಸನ್ ಮತ್ತು ಬಿಯಾಟ್ರಿಸ್ ಟಿನ್ಸ್ಲಿ, ಆರ್ಪ್ ಸಂಪುಟದ ಗೆಲಾಕ್ಸಿಗಳ ಬಣ್ಣಗಳಲ್ಲಿ ಇಂಥ ಸ್ಫೋಟಕ ಜನನದ ಗುರುತು ಕಂಡರು. ಎಳೆಯ ನಕ್ಷತ್ರಗಳ ಅತಿನೇರಳೆ ಬೆಳಕನ್ನು ದೂಳು ಹೀರಿ ಅವಗೆಂಪಾಗಿ ಹೊರಸೂಸುತ್ತದೆ. ಅವಗೆಂಪು ಬೆಳಕನ್ನು ನೋಡುವ 1983ರ ಐರಾಸ್ ಉಪಗ್ರಹಕ್ಕೆ, ಆರ್ಪ್ ಸಂಪುಟದ 220ನೆಯದಾದ ಆರ್ಪ್ 220 ಬೆರಗು ಹುಟ್ಟಿಸುವಷ್ಟು ಉಜ್ವಲವಾಗಿ ಕಂಡದ್ದು ಇದರಿಂದ: ಅದು ಲಕ್ಷ ಕೋಟಿ ಸೂರ್ಯರನ್ನು ಮೀರಿದ ಪ್ರಕಾಶ. ಎಲ್ಲ ಜೋಡಿಗಳೂ ಹೀಗಿಲ್ಲ, ಹೆಚ್ಚಿನವುಗಳಲ್ಲಿ ಏರಿಕೆ ಸಾಧಾರಣವೇ. ದೂಳು ತಡೆಯದ ಅತಿನೇರಳೆ ಬೆಳಕನ್ನು ಇಂದು ಅಳೆಯುವ ಸಾಧನಗಳಲ್ಲಿ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಮುಂದಾಳತ್ವದಲ್ಲಿ ಸಿದ್ಧವಾಗಿ, 2015ರಲ್ಲಿ ಭಾರತದ ಆಸ್ಟ್ರೋಸ್ಯಾಟ್ ಉಪಗ್ರಹದ ಜೊತೆ ಹಾರಿದ ದೂರದರ್ಶಕವೂ ಒಂದು.

ನಮ್ಮ ಕ್ಷೀರಪಥಕ್ಕೂ 25 ಲಕ್ಷ ಜ್ಯೋತಿರ್ವರ್ಷ ದೂರದಲ್ಲಿ ಆಂಡ್ರೊಮಿಡಾ ಎಂಬ ಜೊತೆಯಿದೆ. ಇವೆರಡರ ಢಿಕ್ಕಿ ಖಚಿತವೆಂದು 2012ರಲ್ಲಿ ಹೇಳಲಾಗಿತ್ತು. 2025ರ ಲೆಕ್ಕ ಮುಂದಿನ 1000 ಕೋಟಿ ವರ್ಷಗಳಲ್ಲಿ ಆ ಸಾಧ್ಯತೆಯನ್ನು ಸುಮಾರು ಅರ್ಧಕ್ಕೆ ಇಳಿಸಿತು. ದೊಡ್ಡ ಮೆಗಲಾನಿಕ್ ಮೋಡವೆಂಬ ಪುಟ್ಟ ನೆರೆಯ ಸೆಳೆತವನ್ನೂ ಸೇರಿಸಿಕೊಂಡದ್ದು ಈ ಬದಲಾವಣೆಗೆ ಒಂದು ಕಾರಣ.